ಕಂಪ್ಯೂಟರಿನ ದನಿ ಕೈಕೊಟ್ಟಾಗ

ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಮೇಷ್ಟ್ರು ಮೈಸೂರಿನಲ್ಲಿ ಅಂಧ ಮಕ್ಕಳಿಗೆ ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಕಲಿಸುತ್ತ ಬಂದವರು. ಶಿಷ್ಯೆ ಅವರ ಹತ್ತಿರವೇ ಕಲಿತು ಈಗ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಪರದೆಯ ಮೇಲಿನ ಬರಹವನ್ನು ಮಾತಾಗಿ ಕೇಳಿಸುವ ಸ್ಕ್ರೀನ್ ರೀಡರ್ ಇಲ್ಲದೆ ಇಬ್ಬರ ಕೆಲಸವೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಅದು ನಿಂತುಹೋದರೆ ಏನು ಮಾಡಬೇಕು ಎಂದು ಶುರುವಾದ ಮಾತು, ಅದನ್ನು ಸರಿಪಡಿಸಬೇಕಾದವರು ಯಾರು ಎನ್ನುವಲ್ಲಿಗೆ ಹೋಯಿತು. ಪಕ್ಕದಲ್ಲಿ ಕೂತು ಕೇಳಿಸಿಕೊಂಡದ್ದನ್ನು ಬರೆಯುತ್ತಿದ್ದೇನೆ.

ಶಿಷ್ಯೆ: ಮೇಷ್ಟ್ರೇ, ಸೋಮವಾರ ಬೆಳಿಗ್ಗೆ ಕೌಂಟರ್ ಮುಂದೆ ಜನ ನಿಂತಿದ್ರು. ಸಿಸ್ಟಮ್ ಆನ್ ಮಾಡಿದ್ರೆ ದನಿನೇ ಇಲ್ಲ. ಪಕ್ಕದ ಸೀಟಿನೋರು ಬಗ್ಗಿ ನೋಡಿ, "ಎಲ್ಲಾ ಸರಿಯಾಗೇ ಬಂದಿದೆಯಲ್ಲಮ್ಮಾ" ಅಂದ್ರು. ಬಂದಿದ್ದು ಅವರಿಗೆ.

ಮೇಷ್ಟ್ರು: ನೀನು ಮೊದಲು ಏನು ಮಾಡಿದೆ?

ಶಿಷ್ಯೆ: ಕಂಟ್ರೋಲ್, ಆಲ್ಟ್, ಎನ್ ಒತ್ತಿ ನನ್ನ ಸ್ಕ್ರೀನ್ ರೀಡರ್ ಎನ್‌ವಿಡಿಎ ಮತ್ತೆ ಶುರು ಮಾಡಿದೆ.

ಮೇಷ್ಟ್ರು: ಶುರುವಾಗೋವಾಗ ಸಣ್ಣದಾಗಿ ಒಂದು ಸ್ವರ ಬರುತ್ತಲ್ಲ, ಅದು ಕೇಳಿಸ್ತಾ?

ಶಿಷ್ಯೆ: ಇಲ್ಲ.

ಮೇಷ್ಟ್ರು: ಅಲ್ಲಿಗೇ ಅರ್ಧ ಗೊತ್ತಾಯ್ತಲ್ಲ. ಸ್ವರ ಬಂದು ಮಾತು ಬರದಿದ್ರೆ ಸ್ಪೀಕರ್ ಸರಿಯಿದೆ, ಮಾತಾಡೋ ಎಂಜಿನ್ ಬಿದ್ದಿದೆ ಅಂತ. ಆಗ ಇನ್ಸರ್ಟ್, ಕಂಟ್ರೋಲ್, ಎಸ್ ಒತ್ತಿ, ಕುರುಡಾಗಿಯೇ ಇ ಅಕ್ಷರ ಒತ್ತಿ ಎಂಟರ್ ಕೊಟ್ರೆ ಇ-ಸ್ಪೀಕ್ ಅನ್ನೋ ಎಂಜಿನ್ ಬಂದು ಕೂರುತ್ತೆ. ಸ್ವರವೂ ಇಲ್ಲ ಅಂದ್ರೆ ಸದ್ದು ಹೋಗೋ ದಾರಿನೇ ಕಟ್ಟಿದೆ. ವಿಂಡೋಸ್ ಕೀ, ಕಂಟ್ರೋಲ್, ಎಂಟರ್ ಒತ್ತಿ ವಿಂಡೋಸಿನದೇ ಆದ ನರೇಟರನ್ನ ಕರೆದು ನೋಡ್ಬೇಕು. ಅದೂ ಬಾಯಿ ಬಿಡದಿದ್ರೆ ತಪ್ಪು ಸ್ಕ್ರೀನ್ ರೀಡರಿನದ್ದಲ್ಲ.

ಶಿಷ್ಯೆ: ಅದೂ ಬಿಡ್ಲಿಲ್ಲ. ಆಮೇಲೆ ಗೊತ್ತಾಯ್ತು, ಶನಿವಾರ ಸಂಜೆ ಯಾರೋ ಹೊಸ ಮಾನಿಟರ್ ತಂದು ಎಚ್‌ಡಿಎಂಐ ಕೇಬಲ್ಲಲ್ಲಿ ಜೋಡಿಸಿದ್ರು. ವಿಂಡೋಸ್ ಸದ್ದನ್ನೆಲ್ಲ ಆ ಮಾನಿಟರಿಗೆ ಕಳಿಸ್ತಾ ಇತ್ತು. ಅದಕ್ಕೆ ಸ್ಪೀಕರೇ ಇರ್ಲಿಲ್ಲ.

ಮೇಷ್ಟ್ರು: ಅದಕ್ಕೇ ಒಂದು ಯುಎಸ್‌ಬಿ ಹೆಡ್‌ಸೆಟ್ ಬ್ಯಾಗಲ್ಲಿ ಇರ್ಬೇಕು ಅನ್ನೋದು. ಚುಚ್ಚಿದ ತಕ್ಷಣ ವಿಂಡೋಸ್ ಸಾಮಾನ್ಯವಾಗಿ ಸದ್ದನ್ನ ಅದರ ಕಡೆ ತಿರುಗಿಸುತ್ತೆ. ಬ್ಲೂಟೂತಿನದ್ದು ಬೇಡ. ಒಂದು ಕ್ಷಣ ಸದ್ದಿಲ್ಲದಿದ್ರೆ ಅದು ಮಲಗಿಬಿಡುತ್ತೆ. ಏಳೋಷ್ಟರಲ್ಲಿ ಪದದ ಮೊದಲ ಅಕ್ಷರ ನುಂಗಿಹೋಗಿರುತ್ತೆ.

ಶಿಷ್ಯೆ: ಹೆಡ್‌ಸೆಟ್ ಇಟ್ಕೋತೀನಿ. ಆದ್ರೆ ನನ್ನ ಪ್ರಶ್ನೆ ಬೇರೆ. ಕಣ್ಣಿರೋ ಗುಮಾಸ್ತರ ಸ್ಕ್ರೀನ್ ಕಪ್ಪಾದ್ರೆ ಅವರು ಐಟಿ ವಿಭಾಗಕ್ಕೆ ಫೋನ್ ಮಾಡಿ ಟೀ ಕುಡಿಯೋಕೆ ಹೋಗ್ತಾರೆ. ಅವರಿಗೆ ಕೆಲಸ ಬರಲ್ಲ ಅಂತ ಯಾರೂ ಅನ್ನಲ್ಲ. ನನ್ನ ದನಿ ನಿಂತ್ರೆ ನಾನೇ ರಿಪೇರಿ ಮಾಡ್ಕೋಬೇಕು, ಅದೂ ಜನರ ಮುಂದೆ. ಹತ್ತು ನಿಮಿಷ ತಡವಾದ್ರೆ "ಪಾಪ, ಅವರ ಕೈಲಿ ಆಗಲ್ಲ" ಅನ್ನೋ ಮಾತು ಬಂದುಬಿಡುತ್ತೆ. ನೀವು ನಮಗೆಲ್ಲ ರಿಪೇರಿ ಕಲಿಸಿದ್ರಿ. ಅದು ನಮ್ಮ ಕೆಲಸ ಅಲ್ಲ ಅಂತ ಹೇಳೋದನ್ನ ಯಾಕೆ ಕಲಿಸ್ಲಿಲ್ಲ?

ಮೇಷ್ಟ್ರು: ಐಟಿಯೋರನ್ನ ಕರೆಸಿದ್ಯಾ?

ಶಿಷ್ಯೆ: ಕರೆಸಿದೆ. ಬಂದವರು ಎನ್‌ವಿಡಿಎ ಅಂದ್ರೇನು ಅಂತ ನನ್ನನ್ನೇ ಕೇಳಿದ್ರು.

ಮೇಷ್ಟ್ರು: ನೋಡು. ನಾನು ಹೆದರೋದು ಅದಕ್ಕೇ. ಗೊತ್ತಿಲ್ಲದೋರ ಕೈಗೆ ಕೊಟ್ರೆ ತೆಗೆದು ಮತ್ತೆ ಹಾಕ್ತಾರೆ, ನೀನು ತಿಂಗಳುಗಟ್ಟಲೆ ಕೂತು ಹೊಂದಿಸಿದ್ದೆಲ್ಲ ಹೋಗುತ್ತೆ. ನಾನು ಕಲಿಯೋ ಕಾಲಕ್ಕೆ ಜಾಸ್ ಅನ್ನೋ ಸ್ಕ್ರೀನ್ ರೀಡರ್ ಕೊಳ್ಳೋ ದುಡ್ಡಲ್ಲಿ ಇನ್ನೊಂದು ಕಂಪ್ಯೂಟರೇ ಬರ್ತಿತ್ತು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರನ್ ಎನ್‌ವಿಡಿಎ ಬರೆಯೋಕೆ ಶುರು ಮಾಡಿದ್ರು, ಜೇಮ್ಸ್ ಟೆ ಜೊತೆಗೂಡಿದ್ರು. ಇಬ್ಬರಿಗೂ ಕಣ್ಣಿಲ್ಲ. ಅದನ್ನ ಪುಕ್ಕಟೆ ಕೊಟ್ರು, ಒಳಗಿನ ಕೋಡನ್ನೂ ತೆರೆದಿಟ್ರು. ನಮ್ಮ ಕಷ್ಟಕ್ಕೆ ನಾವೇ ಕೈಹಾಕಿದ್ದರಿಂದ ನೀನು ಇವತ್ತು ಆ ಸೀಟಲ್ಲಿ ಕೂತಿದೀಯ.

ಶಿಷ್ಯೆ: ಅವರ ಮೇಲೆ ನನಗೂ ಅಭಿಮಾನ ಇದೆ. ಆದ್ರೆ ಆ ಉದಾಹರಣೆಯನ್ನೇ ಹಿಡ್ಕೊಂಡು ನನ್ನ ಶಾಖೆ ತನ್ನ ಜವಾಬ್ದಾರಿಯಿಂದ ಜಾರ್ಕೊಳ್ಳುತ್ತೆ. "ಪುಕ್ಕಟೆ ಸಾಫ್ಟ್‌ವೇರ್ ಇದೆಯಲ್ಲ, ನೀವೇ ಹಾಕ್ಕೊಳ್ಳಿ" ಅಂತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ಎಷ್ಟು ಕಾಲ ಆಯ್ತು! 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಎಲ್ಲರ ಕೈಗೆ ಸಿಗೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿಗೆ ಕಣ್ಣು ಮಿಟುಕಿಸಿ ಅಂತ ಕೇಳಿದ್ರೆ ನಮ್ಮಂಥೋರು ಏನು ಮಾಡ್ಬೇಕು ಅನ್ನೋದೂ ಆ ಕೇಸಲ್ಲಿತ್ತು. ಹಕ್ಕು ಅಂದ ಮೇಲೆ ಅದು ನಾನು ಎಷ್ಟು ಶಾರ್ಟ್‌ಕಟ್ ಕೀ ಬಾಯಿಪಾಠ ಮಾಡಿದೀನಿ ಅನ್ನೋದರ ಮೇಲೆ ನಿಲ್ಲಬಾರದು.

ಮೇಷ್ಟ್ರು: ಕೋರ್ಟು ಹೇಳಿದ್ದು ಸರಿ. ಆದ್ರೆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋರ್ಟು ನಿನ್ನ ಕೌಂಟರಿಗೆ ಬರಲ್ಲ ಕಣಮ್ಮ.

ಕಣ್ಣಿರುವ ಓದುಗರಿಗಾಗಿ ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ಕಂಪ್ಯೂಟರ್ ಕೆಟ್ಟರೆ ಏನು ಕೆಟ್ಟಿದೆ ಎಂದು ಪರದೆಯೇ ತೋರಿಸುತ್ತದೆ. ಪೆಟ್ಟಿಗೆಯೊಂದು ಮೂಡುತ್ತದೆ, ಒಂದು ಸಾಲು ಬರುತ್ತದೆ. ಇವರಿಗೆ ಆ ಸಾಲನ್ನು ಓದಿ ಹೇಳಬೇಕಾದದ್ದೂ ಕೆಟ್ಟುಹೋದ ಆ ದನಿಯೇ. ದೋಷವನ್ನು ಹುಡುಕುವ ಸಾಧನವೇ ದೋಷಕ್ಕೆ ಸಿಕ್ಕಿರುತ್ತದೆ. ಆದ್ದರಿಂದಲೇ ಮೇಷ್ಟ್ರು ತಮ್ಮ ಶಿಷ್ಯರನ್ನು ಸದ್ದಿಲ್ಲದ ಕಂಪ್ಯೂಟರಿನ ಮುಂದೆ ಕೂರಿಸಿ ಪಾಠ ಮಾಡುತ್ತಾರೆ. ಇನ್ಸರ್ಟ್ ಜೊತೆ ಎಸ್ ಅಕಸ್ಮಾತ್ ಒತ್ತಿಹೋಗಿ ಮಾತು ಬರಿಯ ಬೀಪ್ ಆಗಿದೆಯೇ? ಇನ್ಸರ್ಟ್ ಜೊತೆ ಕ್ಯೂ ಒತ್ತಿ, ಹೊರಗಿನವರು ಬರೆದ ಆಡ್-ಆನ್‌ಗಳನ್ನೆಲ್ಲ ಬಿಟ್ಟು ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆಯೇ? ಹೋದರೆ ತಪ್ಪು ಆಡ್-ಆನ್‌ನದ್ದು. ಒಂದೊಂದಾಗಿ ಬಿಡಿಸಿಕೊಂಡು ಹೋಗುವ ಈ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದನ್ನು ಅವರಿಂದಲೇ ನಿರೀಕ್ಷಿಸುವುದು ನ್ಯಾಯವೇ ಎಂಬ ಶಿಷ್ಯೆಯ ಪ್ರಶ್ನೆಯೂ ಬಿಡುವಂಥದ್ದಲ್ಲ.

ಶಿಷ್ಯೆ: ಪೂರ್ತಿ ನಿಂತ್ರೆ ಪರವಾಗಿಲ್ಲ ಮೇಷ್ಟ್ರೇ, ನಿಂತಿದೆ ಅಂತ ಗೊತ್ತಾಗುತ್ತೆ. ನನಗೆ ಭಯ ಆಗೋದು ಮಧ್ಯೆ ಮಧ್ಯೆ ನಿಲ್ಲೋದು. ಇಂಗ್ಲಿಷ್ ದನಿ ಇಟ್ಕೊಂಡು ಒಂದು ಅರ್ಜಿ ಓದಿಸ್ತಿದ್ದೆ ಅನ್ಕೊಳ್ಳಿ. ಹೆಸರು, ವಿಳಾಸ, ಖಾತೆ ಸಂಖ್ಯೆ ಎಲ್ಲ ಇಂಗ್ಲಿಷಲ್ಲಿದೆ. ಕೊನೇಲಿ ಎರಡು ಸಾಲು ಕನ್ನಡದಲ್ಲಿ ಷರತ್ತು ಹಾಕಿದಾರೆ. ಕನ್ನಡ ಬರದ ದನಿ ಎಷ್ಟೋ ಸಲ ತಡವರಿಸೋದೂ ಇಲ್ಲ, ಆ ಎರಡು ಸಾಲು ಇಲ್ಲವೇ ಇಲ್ಲ ಅನ್ನೋ ಥರ ಹಾರಿ ಮುಂದಕ್ಕೆ ಹೋಗುತ್ತೆ. ಇದು ಸರಿಯಿಲ್ಲ ಅಂತ ನನಗೆ ಹೇಳೋರು ಯಾರು?

ಮೇಷ್ಟ್ರು: ಅದಕ್ಕೆ ಸೆಟ್ಟಿಂಗಲ್ಲಿ ಭಾಷೆ ತಾನಾಗೇ ಬದಲಾಗೋ ಆಯ್ಕೆ ಇದೆ.

ಶಿಷ್ಯೆ: ಇದೆ. ಈ ಭಾಗ ಕನ್ನಡ ಅಂತ ಪುಟ ಮಾಡಿದೋರು ಒಳಗೆ ಗುರುತು ಹಾಕಿದ್ರೆ ಅದು ಬದಲಾಗುತ್ತೆ. ಹಾಕದಿದ್ರೆ? ನಮ್ಮ ಕಡೆ ಎಷ್ಟು ಜನ ಹಾಕ್ತಾರೆ?

ಮೇಷ್ಟ್ರು: ಅದಕ್ಕೇ ನಾನು ಇ-ಸ್ಪೀಕ್ ಬಿಡಬೇಡ ಅನ್ನೋದು. ಕನ್ನಡ ಅಕ್ಷರ ಕಂಡ್ರೆ ಅದು ತೆಪ್ಪಗೆ ಹಾರಿ ಹೋಗಲ್ಲ, ಏನೋ ಒಂದು ಸದ್ದು ಮಾಡುತ್ತೆ.

ಶಿಷ್ಯೆ: ಇ-ಸ್ಪೀಕ್ ಕನ್ನಡ ಕೇಳಿದ್ರೆ ತಗಡು ಕೆರೆದ ಹಾಗಿರುತ್ತೆ ಮೇಷ್ಟ್ರೇ.

ಮೇಷ್ಟ್ರು: ಇರಲಿ. ಜೊನಾಥನ್ ಡಡಿಂಗ್ಟನ್ ಅನ್ನೋರು 1995ರಲ್ಲಿ ಶುರು ಮಾಡಿದ ಕೆಲಸ ಅದು. ಮನುಷ್ಯರ ದನಿ ರೆಕಾರ್ಡ್ ಮಾಡಿ ಜೋಡಿಸಿದ್ದಲ್ಲ. ಗಂಟಲು, ಬಾಯಿ ಹೇಗೆ ಅನುರಣಿಸುತ್ತೆ ಅನ್ನೋದನ್ನ ಲೆಕ್ಕ ಹಾಕಿ ಸದ್ದು ಹುಟ್ಟಿಸುತ್ತೆ. ಆದ್ದರಿಂದ ಕೆಲವೇ ಎಂಬಿಯಲ್ಲಿ ಹತ್ತಾರು ಭಾಷೆ ಹಿಡಿಯುತ್ತೆ. ಇಂಟರ್ನೆಟ್ ಬೇಡ, ಹಳೇ ಕಂಪ್ಯೂಟರ್ ಸಾಕು, ಕೀ ಒತ್ತಿದ ತಕ್ಷಣ ಉತ್ತರ ಬರುತ್ತೆ. ವೇಗ ಎಷ್ಟು ಏರಿಸಿದ್ರೂ ಅಕ್ಷರ ಒಡೆಯಲ್ಲ. ನೀನೇ ನಿಮಿಷಕ್ಕೆ ಮುನ್ನೂರು ನಾನೂರು ಪದದ ವೇಗದಲ್ಲಿ ಇಂಗ್ಲಿಷ್ ಕೇಳ್ತೀಯಲ್ಲ, ಆ ವೇಗದಲ್ಲಿ ನಿನ್ನ ಸಿಹಿ ದನಿ ಓದಲಿ ನೋಡೋಣ.

ಶಿಷ್ಯೆ: ಕೆಲಸಕ್ಕೆ ಆಯ್ತು. ಕಾದಂಬರಿಗೆ? ಒಂದು ಸಂಜೆ ಕೂತು ಕುವೆಂಪು ಓದ್ಬೇಕು ಅನ್ಸುತ್ತೆ. ಆ ದನಿಯಲ್ಲಿ ಮಲೆನಾಡು ಕೇಳಿಸುತ್ತಾ? ಇನ್ನೊಂದು ಹೇಳ್ತೀನಿ. ನಮ್ಮ ಶಾಖೆಗೆ ಒಬ್ಬರು ನಿವೃತ್ತ ಅಧ್ಯಾಪಕರು ಬರ್ತಾರೆ. ಗ್ಲಾಕೋಮಾದಿಂದ ಅರವತ್ತರ ಮೇಲೆ ಕಣ್ಣು ಕಳ್ಕೊಂಡೋರು. ಜೀವನವಿಡೀ ಓದಿದೋರು. ನಾನು ಉತ್ಸಾಹದಿಂದ ಇ-ಸ್ಪೀಕ್ ಹಾಕಿ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ, "ಇದು ಕನ್ನಡ ಅಲ್ಲಮ್ಮ" ಅಂತ ಹೆಡ್‌ಫೋನ್ ತೆಗೆದಿಟ್ರು. ಫೋನಲ್ಲಿರೋ ಕನ್ನಡದ ದನಿ ಹಾಕಿಕೊಟ್ಟೆ, ಅರ್ಧ ಗಂಟೆ ಕೇಳಿದ್ರು. ನಮ್ಮ ಥರ ಚಿಕ್ಕಂದಿನಿಂದ ಕಿವಿ ಪಳಗಿಸ್ಕೊಂಡೋರಿಗೆ ಮಾತ್ರ ಕೆಲಸಕ್ಕೆ ಬರೋ ದನಿ ಸಾಕು ಅನ್ನೋಕಾಗುತ್ತಾ?

ಮೇಷ್ಟ್ರು: ಆಗಲ್ಲ. ಆ ಅಧ್ಯಾಪಕರಿಗೆ ನೀನು ಕೊಟ್ಟಿದ್ದೇ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿಂಪ್ಯೂಟರ್ ಅನ್ನೋ ಅಗ್ಗದ ಕೈಗಂಪ್ಯೂಟರಿನ ಕಾಲದಲ್ಲೇ 'ಧ್ವನಿ' ಅನ್ನೋ ತಂತ್ರಾಂಶ ಮಾಡಿದ್ರು, ಅದರಲ್ಲಿ ಕನ್ನಡ ಇತ್ತು. ಆಮೇಲೆ ಐಐಟಿ ಮದ್ರಾಸಿನ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳು ಸೇರಿ ಭಾರತೀಯ ಭಾಷೆಗಳಿಗೆ ದನಿ ಕಟ್ಟಿದ್ರು, ಅದರಲ್ಲೂ ಕನ್ನಡ ಇದೆ. ಆ ಕೆಲಸ ಬೇಡ ಅಂತ ನಾನು ಅಂದಿಲ್ಲ. ಆದ್ರೆ ಒಂದು ಕೇಳ್ತೀನಿ. ಈಗ ಬರ್ತಿರೋ ನ್ಯೂರಲ್ ದನಿಗಳು ಇವೆಯಲ್ಲ, ಅವು ತಪ್ಪು ಓದಿದಾಗ ನಿನಗೆ ಗೊತ್ತಾಗುತ್ತಾ?

ಶಿಷ್ಯೆ: ಒಂದೊಂದ್ಸಲ ಒಂದು ಪದ ಬಿಟ್ಟುಬಿಡ್ತವೆ. ಒಂದೊಂದ್ಸಲ ಹೇಳಿದ್ದನ್ನೇ ಎರಡು ಸಲ ಹೇಳ್ತವೆ.

ಮೇಷ್ಟ್ರು: ಎಲ್ಲೂ ಉಸಿರು ಕಟ್ಟದ ಹಾಗೆ, ನಯವಾಗಿ ಬಿಡ್ತವೆ. ಅದೇ ನನ್ನ ಹೆದರಿಕೆ. ಇ-ಸ್ಪೀಕ್ ಒಂದು ಪದವನ್ನ ತಪ್ಪು ಹೇಳಿದ್ರೆ ಇವತ್ತೂ ಅದೇ ತಪ್ಪು, ಬರೋ ವರ್ಷವೂ ಅದೇ ತಪ್ಪು. ದಿನಾ ಐದು ನಿಮಿಷ ಹಿಂದೆ ನಡೆಯೋ ಗಡಿಯಾರ ನೋಡಿ ರೈಲು ಹಿಡೀಬಹುದು. ಒಂದಿನ ಹಿಂದೆ, ಒಂದಿನ ಮುಂದೆ, ಉಳಿದ ದಿನ ಸರಿಯಾಗಿರೋ ಗಡಿಯಾರ ನಂಬಿ ಹಿಡಿಯೋಕಾಗಲ್ಲ. "ಬೆಳೆ ಸಾಲ" ಅನ್ನೋ ಕಡೆ "ಬೆಲೆ" ಅಂತ ಓದಿದ್ರೆ ನಿನಗೆ ಅಭ್ಯಾಸದಿಂದ ಗೊತ್ತಾಗ್ಬೇಕು.

ಶಿಷ್ಯೆ: ಆದ್ರೆ ಮೇಷ್ಟ್ರೇ, ಆ ಅಭ್ಯಾಸಕ್ಕೆ ನಾವು ಕೊಟ್ಟ ವರ್ಷಗಳನ್ನ ಯಾರೂ ಲೆಕ್ಕ ಹಾಕ್ಲಿಲ್ಲ. ತಪ್ಪನ್ನ ನಾವು ಅರಗಿಸ್ಕೊಳ್ತಾ ಹೋದ ಹಾಗೆ ಅದು ಅಲ್ಲೇ ಉಳೀತು. ರಾಜ್‌ಕುಮಾರ್ ಅಂತ ಬರೆಯೋವಾಗ ಜ್ ಮತ್ತು ಕು ಒತ್ತಾಗಿ ಅಂಟದಿರಲಿ ಅಂತ ನಡುವೆ ಕಾಣದ ಗುರುತೊಂದು ಕೂತಿರುತ್ತೆ. ಕೆಲವು ಎಂಜಿನ್‌ಗಳು ಅಲ್ಲಿಗೇ ಪದ ಮುಗೀತು ಅನ್ಕೊಂಡು ಹೆಸರನ್ನ ಎರಡು ತುಂಡು ಮಾಡ್ತವೆ. "ರೂ." ಅಂತ ಚುಕ್ಕಿ ಕಂಡ್ರೆ ವಾಕ್ಯವೇ ಮುಗೀತು ಅಂತ ನಿಲ್ತವೆ. ನಾನು ಸ್ಪೀಚ್ ಡಿಕ್ಷನರಿಯಲ್ಲಿ "ರೂ." ಬಂದ್ರೆ "ರೂಪಾಯಿ" ಅನ್ನು ಅಂತ ಬರೆದಿಟ್ಟಿದೀನಿ. ನನ್ನ ಕಂಪ್ಯೂಟರಲ್ಲಿ ಸರಿಯಾಯ್ತು. ಪಕ್ಕದ ಊರಿನ ಶಾಖೆಯಲ್ಲಿರೋ ಇನ್ನೊಬ್ಬ ಹುಡುಗ ಅದನ್ನೇ ಮತ್ತೆ ಮೊದಲಿನಿಂದ ಮಾಡ್ತಾ ಕೂತಿದಾನೆ.

ಮೇಷ್ಟ್ರು: ಅದಕ್ಕೆ ದಾರಿ ಇದೆ. ಇ-ಸ್ಪೀಕಿನ ಕನ್ನಡ ನಿಯಮಗಳೆಲ್ಲ ಎರಡು ಪಠ್ಯ ಕಡತದಲ್ಲಿವೆ, ಯಾರು ಬೇಕಾದ್ರೂ ತೆರೆದು ನೋಡಬಹುದು. ಯಾವ ಅಕ್ಷರಕ್ಕೆ ಯಾವ ಸದ್ದು, ಯಾವ ಪದಕ್ಕೆ ವಿನಾಯಿತಿ ಅಂತ ಬರೆದಿರುತ್ತೆ. ತಿದ್ದಿ ಕಳಿಸು, ಎಲ್ಲರಿಗೂ ಸರಿಯಾಗುತ್ತೆ. ಎಂಜಿನ್ ಬಿದ್ದಾಗ ಇನ್ಸರ್ಟ್ ಎಫ್ ಒನ್ ಒತ್ತಿ ಲಾಗ್ ತೆಗೆದು ಕಳಿಸು. "ಕೆಲಸ ಮಾಡ್ತಿಲ್ಲ" ಅಂತ ಬರೆದ್ರೆ ತಿದ್ದೋರಿಗೆ ಏನೂ ತಿಳಿಯಲ್ಲ. ಯಾವ ದನಿ, ಯಾವ ಆವೃತ್ತಿ, ಯಾವ ಕೀ ಒತ್ತಿದಾಗ ಬಿತ್ತು ಅಂತ ಬರೀಬೇಕು.

ಶಿಷ್ಯೆ: ಲಾಗನ್ನ ಪೂರ್ತಿ ವಿವರದ ಮಟ್ಟಕ್ಕೆ ಏರಿಸಿದ್ರೆ ನಾನು ಒತ್ತಿದ ಕೀಗಳು, ದನಿ ಓದಿದ ಸಾಲುಗಳು ಎಲ್ಲ ಅದರಲ್ಲಿ ಬೀಳ್ತವೆ. ಗಿರಾಕಿಗಳ ಖಾತೆ ವಿವರ ಹೊರದೇಶಕ್ಕೆ ಕಳಿಸ್ಲಾ?

ಮೇಷ್ಟ್ರು: ಬ್ಯಾಂಕಿನ ಕಂಪ್ಯೂಟರಿಂದ ಬೇಡ. ಮನೇಲಿ ಅದೇ ತೊಂದರೆಯನ್ನ ಮತ್ತೆ ಹುಟ್ಟಿಸಿ, ಅಲ್ಲಿನ ಲಾಗ್ ಕಳಿಸು.

ಶಿಷ್ಯೆ: ಅಂದ್ರೆ ಆಫೀಸಿನ ತೊಂದರೆಗೆ ನನ್ನ ಭಾನುವಾರ.

ಮೇಷ್ಟ್ರು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ನನಗೂ ಆ ಮಾತು ತಾಕಿತು. ಕನ್ನಡದ ಉಚ್ಚಾರಣೆಯ ಕಡತ ತೆರೆದಿದೆ ಎಂದರೆ ಅದು ಕಣ್ಣಿರುವ ಕನ್ನಡಿಗರಿಗೂ ತೆರೆದೇ ಇದೆ. ಕನ್ನಡ ವಿಭಾಗಗಳಿಗೂ ಎಂಜಿನಿಯರಿಂಗ್ ಕಾಲೇಜುಗಳಿಗೂ ತೆರೆದಿದೆ.

ಶಿಷ್ಯೆ: ಇನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳು. ಈ ವಾರ ಒಂದು ಇಲಾಖೆಯಿಂದ ಸುತ್ತೋಲೆ ಬಂತು. ಕಣ್ಣಿಗೆ ಚೆಂದದ ಕನ್ನಡ. ಒಳಗಿರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಫಾಂಟ್ ಹೊದಿಸಿದಾರೆ. "ಕನ್ನಡ" ಅನ್ನೋ ಪದವನ್ನ ಒಂದೊಂದೇ ಅಕ್ಷರ ಓದಿಸಿದ್ರೆ ಪಿ, ತಲೆ ಮೇಲೆ ಗೀಟಿರೋ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಆ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೊಂದು ಎ. ಮಧ್ಯೆ ಅಂಕಿಗಳು ಮಾತ್ರ ಅಂಕಿಗಳಾಗಿ ಕೇಳ್ತವೆ. ಇದಕ್ಕೆ ಎಷ್ಟು ಒಳ್ಳೇ ದನಿ ಹಾಕಿದ್ರೂ ಏನು ಪ್ರಯೋಜನ? ಇಲ್ಲಿ ದನಿಯದ್ದೇನೂ ತಪ್ಪಿಲ್ಲ.

ಮೇಷ್ಟ್ರು: ನುಡಿಯನ್ನ ಬೈಬೇಡ. ಕಂಪ್ಯೂಟರಿಗೆ ಕನ್ನಡವೇ ಬರದ ಕಾಲದಲ್ಲಿ ಬರಹ, ನುಡಿಯಂಥ ತಂತ್ರಾಂಶ ಇಲ್ಲದಿದ್ರೆ ನಮ್ಮ ಕಚೇರಿಗಳಲ್ಲಿ ಒಂದು ಸಾಲು ಕನ್ನಡ ಟೈಪ್ ಆಗ್ತಿರ್ಲಿಲ್ಲ. ಯೂನಿಕೋಡಿನ ಕನ್ನಡ ವಿಂಡೋಸಿಗೆ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ. ಈಗ ನುಡಿಯಲ್ಲೇ ಯೂನಿಕೋಡ್ ಇದೆ.

ಶಿಷ್ಯೆ: ಬೈತಿಲ್ಲ. ಇದ್ದೂ ಬಳಸದಿರೋರನ್ನ ಕೇಳ್ತಿದೀನಿ. ಟೈಪ್ ಮಾಡೋರು ಒಂದು ಆಯ್ಕೆ ಬದಲಾಯಿಸಿದ್ರೆ ಸಾಕು. ಅವರು ಬದಲಾಯಿಸದಿದ್ದಕ್ಕೆ ನಾನು ಪ್ರತಿ ಸುತ್ತೋಲೆಯನ್ನ ಕನ್ವರ್ಟರಿಗೆ ಹಾಕ್ತೀನಿ. ಅಲ್ಲಿ ಒಂದೊಂದು ಒತ್ತಕ್ಷರ ತಪ್ಪಿಹೋಗುತ್ತೆ. ಹೆಸರಲ್ಲಿ ಒತ್ತು ತಪ್ಪಿದ್ರೆ ದಾಖಲೆಯಲ್ಲಿ ಅದು ಬೇರೆ ಮನುಷ್ಯ. ನಾನು ಓದಿದ್ದು ಕನ್ವರ್ಟ್ ಆದ ಪ್ರತಿ, ಸಹಿ ಹಾಕೋದು ಮೂಲ ಪ್ರತಿಗೆ.

ಮೇಷ್ಟ್ರು: ಸಹಿಯ ಕೆಳಗೆ ಹಾಗಂತಲೇ ಬರೆದುಬಿಡು. ಕನ್ವರ್ಟ್ ಆದ ಪ್ರತಿ ಓದಿ ಸಹಿ ಮಾಡಿದೀನಿ ಅಂತ.

ಶಿಷ್ಯೆ: ಬರೆದ್ರೆ ಮಾರನೇ ದಿನ ಮ್ಯಾನೇಜರು ಆ ಫೈಲನ್ನ ಬೇರೆಯೋರ ಟೇಬಲ್ಲಿಗೆ ಕಳಿಸ್ತಾರೆ. ತೊಂದರೆ ಕೊಡಬಾರದು ಅಂತ, ಒಳ್ಳೇ ಮನಸ್ಸಿಂದಲೇ ಕಳಿಸ್ತಾರೆ. ಹಾಗೆ ಒಂದೊಂದೇ ಫೈಲ್ ಹೋಗಿ ನನಗೆ ಫೋನ್ ಎತ್ತೋ ಕೆಲಸ ಉಳಿಯುತ್ತೆ.

ಮೇಷ್ಟ್ರು: ಅದು ನಿಜ. ನಮ್ಮೋರು ಎಷ್ಟೋ ಜನಕ್ಕೆ ಹಾಗೇ ಆಗಿದೆ. ಹಾಗಾದ್ರೆ ಆ ಇಲಾಖೆಗೇ ಬರಿ. ಕಾಯ್ದೆಯ 42ನೇ ಸೆಕ್ಷನ್ ಹಾಕಿ, ಯೂನಿಕೋಡಲ್ಲಿ ಕಳಿಸಿ ಅಂತ ಬರಿ. ನಾನೂ ಸಹಿ ಹಾಕ್ತೀನಿ.

ಶಿಷ್ಯೆ: ಈಗ ನೀವೇ ನನ್ನ ಕಡೆ ಬಂದ್ರಿ.

ಮೇಷ್ಟ್ರು: ಪೂರ್ತಿ ಬಂದಿಲ್ಲ. ಅವರ ಉತ್ತರ ಬರೋವರೆಗೆ ಏನು ಮಾಡ್ತೀಯ?

ಶಿಷ್ಯೆ: ಉತ್ತರವೂ ಅದೇ ಹಳೇ ಫಾಂಟಲ್ಲಿ ಬಂದ್ರೆ?

ಮೇಷ್ಟ್ರು: ಅದನ್ನೇ ಲಗತ್ತಿಸಿ ರಾಜ್ಯದ ಅಂಗವಿಕಲರ ಆಯುಕ್ತರಿಗೆ ಬರೆಯೋಣ. ಅಲ್ಲೀತನಕ ಕನ್ವರ್ಟರ್ ಇರಲಿ. ಹೆಸರು, ಮೊತ್ತ, ದಿನಾಂಕ ಮೂರನ್ನೂ ಬ್ರೈಲ್ ಡಿಸ್‌ಪ್ಲೇಯಲ್ಲಿ ಬೆರಳಿಟ್ಟು ನೋಡು. ಒತ್ತು ಬಿಟ್ಟುಹೋಗಿದ್ರೆ ಕಿವಿಗಿಂತ ಬೆರಳಿಗೆ ಬೇಗ ಸಿಕ್ಕುತ್ತೆ.

ಶಿಷ್ಯೆ: ಡಿಸ್‌ಪ್ಲೇ ಬೇಕು ಅಂತ ಅರ್ಜಿ ಕೊಟ್ಟಿದೀನಿ. ಇನ್ನೂ ಮಂಜೂರಾಗಿಲ್ಲ.

ಮೇಷ್ಟ್ರು: ನನ್ನದನ್ನ ತಗೊಂಡು ಹೋಗು. ಅರ್ಜಿ ಮಾತ್ರ ವಾಪಸ್ ತಗೋಬೇಡ.